ಸೀರಮ್ಮನ ನಾರ್ಮಲ್

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಹಾಕುವಾಗ ಮಾತ್ರ ಕೇಳಿಸುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ಸೀರಮ್ಮ. ಹಿಂದೆ ಒಬ್ಬ ವಾರ್ಡಿನ ಡಾಕ್ಟರು ಮೆಟ್ಟಿಲು ಹತ್ತಲು ಬೇಸರಪಟ್ಟುಕೊಂಡು ಕೆಳಗೆ ನಿಂತೇ, "ಸೀರಮ್, ಅಮ್ಮಾ, ಸೀರಮ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಎರಡು ಮಾತೂ ಅಂಟಿಕೊಂಡು ಒಂದಾದವು. ಆ ಡಾಕ್ಟರು ವರ್ಗವಾಗಿ ಹೋದರು, ಹೆಸರು ಇಲ್ಲೇ ಉಳಿಯಿತು. ಗೇಟಿನವನಿಗೂ ಅವಳು ಸೀರಮ್ಮ, ಎದುರಿನ ಔಷಧಿ ಅಂಗಡಿಯವನಿಗೂ ಸೀರಮ್ಮ. ಟೈಲರ್ ಕೆಲಸದ ಗಂಡ ಕೂಡ ಅವಳು ತಡವಾಗಿ ಬಂದ ದಿನ, "ಬಂದ್ರಪ್ಪಾ ಸೀರಮ್ಮನೋರು, ದಾರಿ ಬಿಡಿ" ಎನ್ನುತ್ತಿದ್ದ.

ಹೆಸರಿಗೆ ತಕ್ಕ ಕೆಲಸ. ಮೇಲಿನ ಮಹಡಿಯ ಕೊನೆಯ ಕೋಣೆ ರಕ್ತದ ಪ್ರೋಟೀನುಗಳನ್ನು ನೋಡುವ ಪ್ರಯೋಗಾಲಯ. ಕಿಟಕಿಯ ಪಕ್ಕದ ಮೇಜು ಅವಳದು. ಕೊಳವೆಯಲ್ಲಿ ಬಂದ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಗಿರ್ರನೆ ತಿರುಗುವ ಯಂತ್ರಕ್ಕೆ ಹಾಕಿದರೆ ಕೆಂಪೆಲ್ಲ ತಳಕ್ಕೆ ಕೂತು ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಸೀರಮ್. ಕೆನೆ ಕದಲದಂತೆ ಹಾಲು ಬಗ್ಗಿಸಿ ಪಳಗಿದ ಕೈ ಅವಳದು, ತಿಳಿಯಲ್ಲಿ ಕೆಂಪಿನ ಎಳೆಯೂ ಬೆರೆಯುತ್ತಿರಲಿಲ್ಲ. ಆ ತಿಳಿಯ ಒಂದು ಹನಿಯನ್ನು ಒದ್ದೆ ಪಟ್ಟಿಯ ಮೇಲಿಟ್ಟು ವಿದ್ಯುತ್ ಹಾಯಿಸಿದರೆ, ಅದರೊಳಗಿನ ಪ್ರೋಟೀನುಗಳು ಪಂದ್ಯಕ್ಕೆ ಬಿಟ್ಟ ಮಕ್ಕಳ ಹಾಗೆ ಓಡತೊಡಗುತ್ತವೆ. ಆಲ್ಬುಮಿನ್ ಎಲ್ಲರಿಗಿಂತ ಮುಂದೆ. ಕೊನೆಯದು ಹೊರಟ ಜಾಗದ ಹತ್ತಿರವೇ ತೂಕಡಿಸುತ್ತಾ ನಿಂತಿರುತ್ತದೆ. ಪಟ್ಟಿಯನ್ನು ಬಣ್ಣದಲ್ಲಿ ಅದ್ದಿ ತೊಳೆದಾಗ ಐದು ಗೆರೆಗಳು ಎದ್ದು ಬರುತ್ತವೆ. ಯಾವ ಗೆರೆ ದಪ್ಪ, ಯಾವುದು ತೆಳು ಎಂದು ನೋಡಿ ದೇಹದ ಸುದ್ದಿ ಹೇಳುವುದು.

ದಪ್ಪ ಅಂದರೆ ಯಾವುದಕ್ಕಿಂತ ದಪ್ಪ? ಅದಕ್ಕೊಂದು ಅಳತೆ ಬೇಕಲ್ಲ. ಹಾಗಾಗಿ ಪ್ರತಿ ಪಟ್ಟಿಯಲ್ಲೂ ಮೊದಲ ಜಾಗ 'ನಾರ್ಮಲ್'ನದು. ಫ್ರೀಜರಿನಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಅದರಲ್ಲಿದ್ದದ್ದು ಆರೋಗ್ಯವಂತರ ಸೀರಮ್. ಬಾಟಲಿ ಖಾಲಿಯಾಗುತ್ತಾ ಬಂದಾಗ ಆ ಕೋಣೆಯ ಹೆಂಗಸರೆಲ್ಲ ತೋಳು ಮಡಚಿ ಸಾಲಾಗಿ ಕೂರುತ್ತಿದ್ದರು: ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮೇಡಂ, ಸೀರಮ್ಮ, ಪಕ್ಕದ ಮೇಜಿನ ಇಬ್ಬರು ಹುಡುಗಿಯರು, ನೆಲ ಒರೆಸುವ ಅಕ್ಕ. ಯಾರಿಗೂ ಕಾಯಿಲೆಯಿಲ್ಲ, ಯಾರೂ ರಜೆ ಹಾಕಿ ಮಲಗಿದವರಲ್ಲ. ಇದಕ್ಕಿಂತ ಒಳ್ಳೆಯ ನಾರ್ಮಲ್ ಎಲ್ಲಿ ಸಿಕ್ಕೀತು? ಕೂಡಿಸುವ ಮುಂಚೆ ಒಬ್ಬೊಬ್ಬರದನ್ನೂ ಹಳೆಯ ನಾರ್ಮಲ್ಲಿನ ಪಕ್ಕ ಓಡಿಸಿ, ಹೊಂದಿದರೆ ಮಾತ್ರ ಸೇರಿಸುವುದು ಸೀರಮ್ಮನ ಪದ್ಧತಿ. ಯಾವಾಗಲೂ ಹೊಂದುತ್ತಿತ್ತು. ತನ್ನದಂತೂ ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ ಎಂಬುದು ಅವಳ ಹೆಮ್ಮೆ. "ಊರಿಗೆಲ್ಲ ನಾರ್ಮಲ್ ಅಂದ್ರೆ ನಾನೇ" ಎಂದು ತಮಾಷೆ ಮಾಡುತ್ತಿದ್ದಳು.

ತಮಾಷೆಯನ್ನು ಅವಳು ಮನೆಗೂ ಒಯ್ದಿದ್ದಳು. ಅಲ್ಲಿ ಅದು ಅಷ್ಟು ತಮಾಷೆಯಾಗಿರಲಿಲ್ಲ.

ಮನೆ ಮೂರನೇ ಮಹಡಿಯಲ್ಲಿ. ಕುಡಿಯುವ ನೀರು ಬರುವುದು ಕೆಳಗಿನ ನಲ್ಲಿಗೆ. ಎದ್ದ ಕೂಡಲೆ ನೀರು ಹೊತ್ತು, ಒಲೆ ಹಚ್ಚಿ, ಗಂಡನ ಮತ್ತು ವೈರಿಂಗ್ ಕೆಲಸದ ಮಗನ ಡಬ್ಬಿ ಕಟ್ಟಿ, ಪಾತ್ರೆ ಉಜ್ಜಿ, ಸೀರಮ್ಮ ಅಡುಗೆಕಟ್ಟೆಗೆ ಒರಗಿ ನಿಂತು ತಿನ್ನುತ್ತಿದ್ದಳು. ನಿಂತೇ. ಬಾಣಲೆಯ ತಳದಲ್ಲಿ ಉಳಿದದ್ದು, ಮಗ ಬಿಟ್ಟ ರೊಟ್ಟಿಯ ಅಂಚು. ಹಸಿವು ಇನ್ನೂ ಇದ್ದರೆ ಅದರ ಮೇಲೊಂದು ಲೋಟ ಕಡು ಚಹಾ. "ಕೂತ್ರೆ ಏಳಕ್ಕಾಗಲ್ಲ" ಎನ್ನುತ್ತಿದ್ದಳು. ಇದನ್ನು ಅವಳು ದೂರಾಗಿ ಹೇಳಿದ್ದಲ್ಲ, ಜಾಣತನ ಎಂದೇ ತಿಳಿದಿದ್ದಳು.

ಸೊಸೆ ಬಂದಮೇಲೆ ಈ ಕೆಲಸ ಇಬ್ಬರಲ್ಲಿ ಹಂಚಿಹೋಯಿತು. ಗಂಡಸರ ಪಾಲಿಗೆ ಏನೂ ಬರಲಿಲ್ಲವಾದ್ದರಿಂದ ಹಂಚಿಕೆ ಸುಲಭವಾಗಿತ್ತು.

ಸೊಸೆ ನಗರದ ಬಸ್ ಡಿಪೋದಲ್ಲಿ ಡ್ರೈವರ್ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದಳು. ಅವಳು ಹುಟ್ಟಿದ ಮನೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಆಯ್ಕೆಯಾದ ದಿನ ಕುಣಿದುಕೊಂಡು ಬಂದು, "ಅತ್ತೆ, ಆ ಸೀಟಲ್ಲಿ ಕೂತ್ರೆ ಇಡೀ ಬೀದಿ ನಮ್ಮನೆ ಹಜಾರದ ಥರ ಕಾಣುತ್ತೆ!" ಎಂದಿದ್ದಳು. ಸೀರಮ್ಮನಿಗೂ ಖುಷಿಯಾಗಿತ್ತು. ಆದರೆ ಕೆಲವೇ ದಿನಗಳಲ್ಲಿ ಆ ಹುಡುಗಿ ಬಾಡತೊಡಗಿದಳು. ಬಿಂದಿಗೆ ಹೊತ್ತು ಎರಡನೇ ಮಹಡಿಯಲ್ಲಿ ನಿಂತು ಏದುಸಿರು ಬಿಡುವಳು. ಬಟ್ಟೆ ಮಡಚುತ್ತಾ ಮಡಚುತ್ತಾ ಗೋಡೆಗೆ ತಲೆಯಾನಿಸಿ ನಿದ್ದೆಹೋಗುವಳು.

"ಏನಮ್ಮಾ ಇದು? ನಿನ್ನ ವಯಸ್ಸಲ್ಲಿ ಕೈಗೂಸು ಕಟ್ಕೊಂಡು, ಕೆಲಸಕ್ಕೂ ಹೋಗಿ, ಇಷ್ಟೂ ನಾನು ಮಾಡ್ಲಿಲ್ವಾ?"

ಆ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಮಾತು ಅದೇ. ನಾನು ಮಾಡ್ಲಿಲ್ವಾ? ಸೀರಮ್ಮನಿಗೆ ಅವಳ ಅತ್ತೆಯೂ ಇದೇ ಮಾತನ್ನು ಇದೇ ಕಟ್ಟೆಗೆ ಒರಗಿ ಹೇಳಿದ್ದರು. ಆಗ ಚುಚ್ಚಿದ್ದ ಮಾತು ಈಗ ತನ್ನ ಬಾಯಿಂದ ಸಲೀಸಾಗಿ ಬರುವುದನ್ನು ಅವಳು ಗಮನಿಸಿರಲಿಲ್ಲ.

ಒಂದು ಸಂಜೆ ಸೊಸೆ ಅಳುಮುಖ ಮಾಡಿಕೊಂಡು ಬಂದಳು. ಡಿಪೋದಲ್ಲಿ ಕಲಿಸುವ ಮೇಷ್ಟ್ರು ಅವಳನ್ನು ಸ್ಟಿಯರಿಂಗಿನಿಂದ ಇಳಿಸಿದ್ದರು. ಬ್ರೇಕಿಗೆ ಕಾಲು ಹೋಗುವುದು ತಡವಾಗುತ್ತಿದೆ, ಕಣ್ಣು ಎಳೆಯುತ್ತಿದೆ, ಹಿಂದೆ ಜನ ಕೂತಿರುತ್ತಾರೆ ಎಂದು. "ಕಾಯಿಲೆ ಇದ್ರೆ ಡಾಕ್ಟರ ಹತ್ರ ಬರೆಸ್ಕೊಂಡು ಬಾ, ಗುಣ ಆಗೋವರೆಗೂ ಜಾಗ ಇಟ್ಟಿರ್ತೀನಿ. ಕಾಯಿಲೆ ಇಲ್ಲಾಂದ್ರೆ ಈ ಕೆಲ್ಸ ನಿನಗಲ್ಲ. ತಿಂಗಳು ಮುಗಿಯೋದ್ರೊಳಗೆ ಹೇಳು, ಕಾಯ್ತಾ ಇರೋರು ಬೇಕಾದಷ್ಟು ಜನ ಇದಾರೆ" ಎಂದಿದ್ದರು.

"ನಾಳೆ ನನ್ನ ಜೊತೆ ಬಾ" ಎಂದಳು ಸೀರಮ್ಮ. "ರಕ್ತ ಸುಳ್ಳು ಹೇಳಲ್ಲ."

ತಾನೇ ಸೂಜಿ ಚುಚ್ಚಿ, ತಾನೇ ಪಟ್ಟಿ ಓಡಿಸಿದಳು. ಹಿಮೋಗ್ಲೋಬಿನ್ ಇರಬೇಕಾದ ಮಟ್ಟದ ಗಡಿಯ ಈಚೆ, ತುದಿಗಾಲಲ್ಲಿ ನಿಂತ ಹಾಗೆ, ಆದರೂ ಈಚೆಯೇ. ಪಟ್ಟಿಯ ಐದು ಗೆರೆಗಳು ಪಕ್ಕದ ನಾರ್ಮಲ್ಲಿಗೆ ಅಚ್ಚೊತ್ತಿದಂತೆ ಹೊಂದುತ್ತಿದ್ದವು. ಮೇಡಂ ನೋಡಿ ರುಜು ಹಾಕಿದರು: ನಾರ್ಮಲ್.

ಸೀರಮ್ಮ ವರದಿಯನ್ನು ಮನೆಯಲ್ಲಿ ಮೇಜಿನ ಮೇಲಿಟ್ಟಾಗ ಸೊಸೆ ಅದನ್ನು ಎರಡೆರಡು ಸಲ ಓದಿದಳು. ಆಮೇಲೆ ಕೇಳಿದಳು: "ಹಾಗಾದ್ರೆ ನಾನು ಸೋಮಾರಿ ಅಂತ ನನ್ನ ರಕ್ತಾನೇ ಹೇಳ್ತಾ, ಅತ್ತೆ?"

ಸೀರಮ್ಮ ಚಹಾ ಮಾಡಲು ಎದ್ದುಹೋದಳು.

ಅದಾದ ಮೇಲಿನ ವಾರ ಬಾಟಲಿ ಬರಿದಾಗುತ್ತಾ ಬಂತು. ಆದರೆ ಸಾಲಾಗಿ ಕೂರುವವರೇ ಇರಲಿಲ್ಲ. ಮೇಜಿನ ಹುಡುಗಿಯರಲ್ಲಿ ಒಬ್ಬಳು ಬಾಣಂತಿ, ಇನ್ನೊಬ್ಬಳಿಗೂ ಮೇಡಂಗೂ ನೆಗಡಿ ಜ್ವರ, ನೆಲ ಒರೆಸುವ ಅಕ್ಕ ಊರಿಗೆ ಹೋಗಿದ್ದಳು. ಸೀರಮ್ಮ ತನ್ನೊಬ್ಬಳ ತೋಳಿನಿಂದ ಎಷ್ಟು ತೆಗೆದಾಳು? ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಗಂಡ ಬಾಗಿಲಲ್ಲಿ ಕಾಣಿಸಿಕೊಂಡ, ಕೈಯಲ್ಲಿ ಅವಳು ಮರೆತುಬಂದ ಕನ್ನಡಕ.

"ಒಳ್ಳೇ ಹೊತ್ತಿಗೆ ಬಂದ್ರಿ. ಕೂತ್ಕೊಳ್ಳಿ, ತೋಳು ಮೇಲೆತ್ತಿ."

"ಯಾಕೆ? ಕನ್ನಡಕ ತಂದಿದ್ದಕ್ಕೆ ಶಿಕ್ಷೆನಾ?"

"ಸ್ವಲ್ಪ ರಕ್ತ ಬೇಕು. ದಿನಾ ಸೂಜಿ ಹಿಡಿಯೋರಿಗೆ ಸೂಜಿ ಭಯಾನಾ?"

"ನನ್ನ ಸೂಜಿ ಬಟ್ಟೆಗೆ ಚುಚ್ಚೋದು ಕಣೇ. ಬಟ್ಟೆ ಅಯ್ಯೋ ಅನ್ನಲ್ಲ" ಎನ್ನುತ್ತಲೇ ಆತ ಕಣ್ಣು ಮುಚ್ಚಿ ಕುಳಿತ. ಚುಚ್ಚುವ ಮೊದಲೇ ಅಯ್ಯೋ ಅಂದ.

ಪಟ್ಟಿ ಒಣಗಿ ಕೈಗೆ ಬಂದಾಗ ಸೀರಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ನಾರ್ಮಲ್ಲಿನಲ್ಲಿ ಕಪ್ಪಗೆ ದಪ್ಪಗೆ ಕೂತಿದ್ದ ನಾಲ್ಕನೇ ಗೆರೆ ಗಂಡನದರಲ್ಲಿ ತೆಳ್ಳಗಿತ್ತು. ಇನ್ನೊಮ್ಮೆ ಓಡಿಸಿದಳು. ಮತ್ತೆ ಅಷ್ಟೇ ತೆಳ್ಳಗೆ. ಆ ಗೆರೆಯಲ್ಲಿ ಮುಖ್ಯವಾಗಿರುವುದು ಟ್ರಾನ್ಸ್‌ಫೆರಿನ್, ಲಿವರ್ ತಯಾರಿಸುವ ಪ್ರೋಟೀನು. ಲಿವರ್ ಸೋತರೆ, ದೇಹದೊಳಗೆ ಎಲ್ಲೋ ಕಿಚ್ಚು ಹತ್ತಿಕೊಂಡಿದ್ದರೆ ಅದು ಕಡಿಮೆಯಾಗುತ್ತದೆ. ಗಟ್ಟಿಮುಟ್ಟಾಗಿ ಎದುರು ಕೂತಿದ್ದ ಮನುಷ್ಯನಿಗೆ ಒಳಗೊಳಗೇ ಏನೋ ಆಗಿದೆ.

ಮೇಡಂ ಜ್ವರ ಬಿಟ್ಟು ಬಂದು ಪಟ್ಟಿ ನೋಡುವವರೆಗೆ ಅಲುಗಾಡಬೇಡಿ ಎಂದು ಗಂಡನನ್ನು ಮನೆಗೆ ಕರೆದೊಯ್ದು ಮಲಗಿಸಿದಳು. ಆತ ಮೊದಲು ಹೆದರಿದ, ಆಮೇಲೆ ಒಗ್ಗಿಕೊಂಡ. ಒಂದೆರಡು ದಿನದಲ್ಲೇ ಪಳಗಿದ ರೋಗಿಯಾದ. ಬಿಸಿನೀರು ಹಾಸಿಗೆಗೇ ಬಂತು, ಊಟ ಹಾಸಿಗೆಗೇ ಬಂತು, ಮಾಂಸದ ತುಂಡೆಲ್ಲ ಅವನ ತಟ್ಟೆಗೇ ಬಿತ್ತು. "ದಿಂಬು ಸ್ವಲ್ಪ ಮೇಲಕ್ಕೆ... ಹಾಂ... ಯಾಕೋ ಕಾಲು ಸೆಳೀತಿದೆ ನೋಡು" ಎಂದು ನರಳುವನು. ಮಗ ಬಂದು ಪಕ್ಕದಲ್ಲಿ ಕೂತು, "ರೆಸ್ಟ್ ತಗೋ ಅಪ್ಪಾ, ಜೀವನಪೂರ್ತಿ ದುಡಿದಿದೀಯ" ಎನ್ನುವನು. ಅಪ್ಪನಿಗೆಂದು ಕಾಯಿಸಿದ ನೀರಿನ ಪಾತ್ರೆ ಎತ್ತಿಕೊಂಡು ಬರುತ್ತಿದ್ದ ಸೊಸೆ ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದಳು. ಅವಳನ್ನು ಯಾರೂ ನೋಡಲಿಲ್ಲ. ಅವಳು ನಾರ್ಮಲ್ ತಾನೆ!

ಇತ್ತ ಬಾಟಲಿ ಇನ್ನೂ ತುಂಬಿರಲಿಲ್ಲ. ಸೀರಮ್ಮ ಗೇಟಿನವನನ್ನು ಕರೆದಳು, ಆಂಬುಲೆನ್ಸ್ ಡ್ರೈವರನ್ನು ಹಿಡಿದು ತಂದಳು, ಮಗನನ್ನೂ ಬರಹೇಳಿದಳು. ಎಲ್ಲರದನ್ನೂ ಒಂದೇ ಪಟ್ಟಿಯಲ್ಲಿ ಓಡಿಸಿದಳು.

ಎಲ್ಲರ ನಾಲ್ಕನೇ ಗೆರೆಯೂ ತೆಳ್ಳಗೆ.

ಅವಳು ಮೊದಲು ಬಣ್ಣವನ್ನು ಅನುಮಾನಿಸಿದಳು. ಹೊಸ ಬಣ್ಣ ಕಲಸಿದಳು. ವಿದ್ಯುತ್ತಿನ ಪೆಟ್ಟಿಗೆಯ ಮೇಲೆ ಅನುಮಾನಪಟ್ಟು ಪಕ್ಕದ ಕೋಣೆಯದನ್ನು ಬೇಡಿ ತಂದಳು. ಪಟ್ಟಿ ಮತ್ತೆ ಹಾಗೇ ಬಂತು. ಗೇಟಿನವನು ಮೆಟ್ಟಿಲ ಬಳಿ ಕಾದು ನಿಂತು, "ಏನ್ ಸೀರಮ್ಮಾ, ನಾನು ಬದುಕ್ತೀನಾ?" ಎಂದು ನಗುತ್ತಿದ್ದ. ಹೆಗಲ ಮೇಲೆ ಆಮ್ಲಜನಕದ ಸಿಲಿಂಡರು ಹೊತ್ತುಕೊಂಡೇ ನಗುತ್ತಿದ್ದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇವನಿಗೆ ಕಾಯಿಲೆಯೇ? ಆಂಬುಲೆನ್ಸಿನವನಿಗೆ, ತನ್ನ ಮಗನಿಗೆ, ಗಂಡನಿಗೆ, ಈ ಕಟ್ಟಡದ ಗಂಡಸರಿಗೆಲ್ಲ ಒಟ್ಟಿಗೆ ಒಂದೇ ಕಾಯಿಲೆಯೇ?

ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಾಲಾಗಿ ತೆಳು ಗೆರೆಗಳು. ಅವುಗಳ ತುದಿಯಲ್ಲಿ ಒಂದೇ ಒಂದು ದಪ್ಪ ಗೆರೆ. ಅದು ನಾರ್ಮಲ್ಲಿನದು. ಫೈಲಿನಿಂದ ಸೊಸೆಯ ಪಟ್ಟಿಯನ್ನು ತೆಗೆದು ಪಕ್ಕಕ್ಕೆ ಹಿಡಿದಳು. ಅದೂ ದಪ್ಪ. ಹಾಗಾದರೆ ಇಲ್ಲಿ ಕಾಯಿಲೆ ಯಾರಿಗೆ?

ಟ್ರಾನ್ಸ್‌ಫೆರಿನ್‌ನ ಕಸುಬು ಕಬ್ಬಿಣದ ಅಂಶವನ್ನು ಹೊತ್ತು ಬೇಕಾದಲ್ಲಿಗೆ ಮುಟ್ಟಿಸುವುದು, ರಕ್ತದೊಳಗಿನ ಹಮಾಲಿ ಅದು. ದೇಹದಲ್ಲಿ ಕಬ್ಬಿಣ ಬತ್ತಿದಾಗ ಲಿವರ್ ಏನು ಮಾಡುತ್ತದೆ? ಎಲ್ಲಾದರೂ ಒಂದಿಷ್ಟು ಸಿಕ್ಕೀತೆಂದು ಇನ್ನೂ ಹೆಚ್ಚು ಹಮಾಲಿಗಳನ್ನು ಕಳಿಸುತ್ತದೆ. ನಲ್ಲಿ ಒಣಗಿದ ದಿನ ಮನೆಯಲ್ಲಿರುವ ಬಿಂದಿಗೆಯನ್ನೆಲ್ಲ ಕೊಟ್ಟು ಹೆಂಗಸರನ್ನು ದಿಕ್ಕುದಿಕ್ಕಿಗೆ ಅಟ್ಟಿದ ಹಾಗೆ. ಹೊರೆ ಇಲ್ಲ, ಬರಿಗೈಯಲ್ಲಿ ಅಲೆಯುವವರೇ ಎಲ್ಲ. ಗೆರೆ ದಪ್ಪವಾಗುವುದು ಹಾಗೆ. ಇದನ್ನು ಅವಳು ಓದಿಕೊಂಡಿದ್ದಳು, ಹೊಸ ಹುಡುಗಿಯರಿಗೆ ಹೇಳಿಕೊಟ್ಟೂ ಇದ್ದಳು. ತನ್ನ ಗೆರೆಯೇ ದಪ್ಪವಿದ್ದೀತೆಂದು ಹೊಳೆದಿರಲಿಲ್ಲ, ಏಕೆಂದರೆ ಅದನ್ನು ಹೋಲಿಸುತ್ತಿದ್ದುದು ತನ್ನದರ ಜೊತೆಗೇ. ಇಲ್ಲಿಗೆ ಬರುವ ಗಂಡಸರು ಹೇಗೂ ರೋಗಿಗಳು, ಅವರದು ತೆಳ್ಳಗಿದ್ದರೆ ಯಾರಿಗೂ ಆಶ್ಚರ್ಯವಿರಲಿಲ್ಲ. ಹೆಂಗಸರದು ನಾರ್ಮಲ್ಲಿಗೆ ಹೊಂದುತ್ತಿತ್ತು. ಹೊಸ ನಾರ್ಮಲ್ಲು ಹಳೆಯ ನಾರ್ಮಲ್ಲಿಗೆ ಹೊಂದುತ್ತಿತ್ತು. ಕೊನೆಗೆ ತಿಂದವರ ರಕ್ತದ ಪಕ್ಕದಲ್ಲಿ ಕೊನೆಗೆ ತಿಂದವರ ರಕ್ತವನ್ನಿಟ್ಟು, ಆಹಾ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಇಷ್ಟು ಕಾಲವೂ ಬೀಗಿದ್ದಾಯಿತು.

"ನಾನು ಮಾಡ್ಲಿಲ್ವಾ" ಎಂಬ ಮಾತು ಅಡುಗೆಕಟ್ಟೆಯಿಂದ ಎದ್ದುಬಂದು ಅವಳ ಎದುರಿಗೆ ಕೂತಂತಾಯಿತು. ಅದೂ ಇದೇ ಬಾಟಲಿಯ ಅಳತೆ.

ಮೇಡಂ ನೆಗಡಿ ಬಿಟ್ಟು ಬಂದ ದಿನ ಸೀರಮ್ಮ ಪಟ್ಟಿಗಳನ್ನೆಲ್ಲ ಅವರ ಮೇಜಿನ ಮೇಲೆ ಹರಡಿದಳು. ಮೇಡಂ ತಿಳಿದವರು. ಅವಳು ಬಾಯಿ ತೆರೆಯುವ ಮೊದಲೇ ಅವರಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ಒಪ್ಪಿಕೊಳ್ಳುವುದು ಬೇರೆ ಮಾತು.

"ಇರಲಿ ಬಿಡಿ ಸೀರಮ್ಮಾ. ಮುಂದಿನ ಸಲ ಹೊರಗಿಂದ ನಾರ್ಮಲ್ ತರಿಸೋಣ. ಹಳೇದನ್ನ ಕೆದಕಬೇಡಿ."

"ಹಳೇದು ಅಂದ್ರೆ ಜನ ಮೇಡಂ. ನಾರ್ಮಲ್ ಅಂತ ಬರೆದು ಮನೆಗೆ ಕಳಿಸಿದ ಹೆಂಗಸರು. ಹೋಗಿ ಕೆಲಸ ಮಾಡು, ನಿನಗೇನೂ ಆಗಿಲ್ಲ ಅಂತ ನಾವೇ ಹೇಳಿ ಕಳಿಸಿದ್ವಿ."

"ಏನು ಮಾಡ್ಬೇಕು ಅಂತೀರಿ? ಊರಿನ ಅರ್ಧಕ್ಕರ್ಧ ಜನಕ್ಕೆ ಕಾಯಿಲೆ ಅಂತ ಬರೆದುಕೊಡ್ಲಾ? ನಾವು ಐದು ಜನಾನೂ ರೋಗಿಗಳು ಅನ್ಲಾ? ನನಗೇನಾಗಿದೆ? ಬೆಳಿಗ್ಗೆಯಿಂದ ಸಂಜೆವರೆಗೂ ನಿಂತು ಕೆಲ್ಸ ಮಾಡ್ತೀನಿ."

"ನಾನೂ ಹಾಗೇ ಅಂತಿದ್ದೆ ಮೇಡಂ."

ಮೇಡಂ ಪಟ್ಟಿಗಳನ್ನು ಒಟ್ಟುಮಾಡತೊಡಗಿದರು. ಸೀರಮ್ಮ ಜಾಗ ಬಿಟ್ಟು ಕದಲಲಿಲ್ಲ. "ಬರೀ ಗೆರೆ ನೋಡಿ ಹೇಳ್ಬೇಡಿ. ಫೆರಿಟಿನ್ ನೋಡಿಸಿ. ನಮ್ಮ ಐದು ಜನರದು, ನನ್ನ ಸೊಸೇದು. ದೊಡ್ಡಾಸ್ಪತ್ರೆಗೆ ನಾನೇ ತಗೊಂಡು ಹೋಗಿ ಕೊಟ್ಟು ಬರ್ತೀನಿ. ತಪ್ಪಾಗಿದ್ರೆ ಇನ್ಮೇಲೆ ಈ ವಿಷಯ ಎತ್ತಲ್ಲ."

ಫೆರಿಟಿನ್ ದೇಹದ ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಪ್ರೋಟೀನು. ಅದರ ಒಂದಿಷ್ಟು ಭಾಗ ರಕ್ತದಲ್ಲಿ ಓಡಾಡುತ್ತದೆ. ಅದನ್ನು ಅಳೆದರೆ ಉಗ್ರಾಣದಲ್ಲಿ ಎಷ್ಟಿದೆ ಎಂದು ತಿಳಿಯುತ್ತದೆ. ಸೀರಮ್ಮ ಬಾಣಂತಿ ಹುಡುಗಿಯ ಮನೆಗೂ ಹೋಗಿ ಅವಳ ರಕ್ತ ತಂದು, ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೋಗಿಬಂದಳು. ಮರುದಿನ ಮಧ್ಯಾಹ್ನ ಫೋನು ಬಂತು. ಮೇಡಂ ನಿಂತೇ ಕೇಳಿಸಿಕೊಂಡರು, "ಹಾಂ... ಹಾಂ..." ಎಂದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲರದ್ದೂ ಬರಿದು" ಎಂದರು. "ಎಲ್ಲರಿಗಿಂತ ಕಡಿಮೆ ನಂದು."

ನೆಲ ಒರೆಸುವ ಅಕ್ಕ ಕೋಲಿಗೆ ಆತುಕೊಂಡು ಕೇಳಿದಳು, "ಅಂದ್ರೆ ನನ್ನ ಮಂಡಿನೋವು, ತಲೆಸುತ್ತು, ಅದೆಲ್ಲ ನನ್ನ ಸುಳ್ಳಲ್ವಾ ಹಾಗಾದ್ರೆ?"

"ಮಂಡಿನೋವು ಗೊತ್ತಿಲ್ಲ ಅಕ್ಕ. ತಲೆಸುತ್ತು ನಿಜಾನೇ ಇರ್ಬೇಕು" ಎಂದಳು ಸೀರಮ್ಮ.

"ಅಷ್ಟಾದ್ರೂ ಸಿಕ್ತಲ್ಲ" ಎಂದು ಅಕ್ಕ ಬಕೆಟ್ ಎತ್ತಿದಳು. ಮೇಡಂ ತಾವೇ ಎದ್ದು ಅದರ ಇನ್ನೊಂದು ಕಡೆ ಹಿಡಿದರು. ಅಕ್ಕ ಗಾಬರಿಯಾಗಿ ಬಿಡಲು ಹೋದಳು, ನೀರು ಚೆಲ್ಲಿತು, ಮೂವರೂ ನಕ್ಕರು. ನಗು ಮುಗಿದ ಮೇಲೆ ಮೇಡಂ ಫ್ರೀಜರು ತೆಗೆದು ಬಾಟಲಿಯನ್ನು ತಾವೇ ಕಸದ ಕೆಂಪು ಚೀಲಕ್ಕೆ ಹಾಕಿದರು. ಹಳೆಯ ಪಟ್ಟಿಗಳನ್ನು ಮತ್ತೆ ನೋಡುವ ಕೆಲಸ ಶುರುವಾಯಿತು. ದಪ್ಪ ಗೆರೆಯವರನ್ನೆಲ್ಲ ತಿರುಗಿ ಕರೆಸಬೇಕು. ಫೋನು ಮಾಡುವುದು ಸೀರಮ್ಮನ ಪಾಲಿಗೆ ಬಂತು. "ತಪ್ಪು ನಿಮ್ಮದಲ್ಲಮ್ಮಾ, ನಮ್ಮ ಅಳತೆಯದು. ಇನ್ನೊಂದ್ಸಲ ಬನ್ನಿ" ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತು. ಕೆಲವರು ಬೈದರು, ಕೆಲವರು ಅತ್ತರು. ಒಬ್ಬಾಕೆ, "ಇದನ್ನ ಸ್ವಲ್ಪ ನಮ್ಮೆಜಮಾನ್ರಿಗೆ ಹೇಳ್ತೀರಾ? ಫೋನ್ ಕೊಡ್ತೀನಿ" ಎಂದಳು.

ಆ ಸಂಜೆ ಮನೆಗೆ ಬಂದವಳೇ ಸೀರಮ್ಮ ಗಂಡನ ಹೊದಿಕೆ ಎಳೆದಳು.

"ಏಳಿ."

"ಯಾಕೇ? ಡಾಕ್ಟ್ರು ಏನಂದ್ರು?"

"ನೀವು ಕಲ್ಲುಗುಂಡು ಇದ್ದಂಗೆ ಇದೀರಿ. ಈ ಮನೇಲಿ ಕಾಯಿಲೆ ಇರೋದು ನಮ್ಮಿಬ್ಬರಿಗೆ."

"ನೀನಾ?" ಆತ ನಿಜವಾಗಿಯೂ ತಬ್ಬಿಬ್ಬಾದ. "ನೀನು ಒಂದಿನಾನೂ ಮಲಗಿದ್ದು ನಾನು ನೋಡಿಲ್ವಲ್ಲೇ?"

"ಅದೇ ಕಾಯಿಲೆ" ಎಂದಳು ಅವಳು.

ಸೊಸೆ ಅಡುಗೆಮನೆಯಲ್ಲಿ ಪಾತ್ರೆಯ ರಾಶಿಯ ಮುಂದೆ ನಿಂತಿದ್ದಳು. ಸೀರಮ್ಮ ಹೋಗಿ ಅವಳ ಕೈಯಿಂದ ಉಜ್ಜುವ ನಾರು ತೆಗೆದುಕೊಂಡು, ಹೊರಗೆ ಬಂದು ಮಗನ ಕೈಗೆ ಕೊಟ್ಟಳು. ಮಗ ಅದನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡ.

"ನನಗೆ ಬರಲ್ಲಮ್ಮ ಇದು."

"ಗೋಡೆಯೊಳಗಿನ ತಂತಿ ಹುಡುಕಿ ಜೋಡಿಸ್ತೀಯ. ಪಾತ್ರೆ ಎದುರಿಗೇ ಇದೆ."

ಆಮೇಲೆ ಅವಳು ಸೊಸೆಯ ಕಡೆ ತಿರುಗಿದಳು. ಎಲ್ಲವನ್ನೂ ಹೇಳಿದಳು, ಬಾಟಲಿ, ಗೆರೆ, ಹಮಾಲಿಗಳು. ಕೊನೆಗೆ, "ನಾನು ಮಾಡ್ಲಿಲ್ವಾ ಅಂತಿದ್ನಲ್ಲ. ಮಾಡ್ದೆ, ನಿಜ. ಯಾವ ಸ್ಥಿತೀಲಿ ಮಾಡ್ದೆ ಅನ್ನೋದು ನನಗೇ ಗೊತ್ತಿರಲಿಲ್ಲ. ಇನ್ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದ್ರೆ ನನ್ನನ್ನ ತಡೆದು ಕೇಳು" ಎಂದಳು.

ಸೊಸೆ ಕಣ್ಣೊರೆಸಿಕೊಂಡಳು. "ಅತ್ತೆ, ತಿಂಗಳು ಮುಗೀತಾ ಬಂತು. ಆ ನಾರ್ಮಲ್ ವರದಿ ನೋಡಿ ಮೇಷ್ಟ್ರು ಆಗ್ಲೇ ಬೇರೆಯವಳನ್ನ ಕರೆಸಿದಾರಂತೆ."

"ನಾಳೆ ಹೋಗೋಣ. ಇಬ್ಬರೂ."

ಡಿಪೋದ ಅಂಗಳದಲ್ಲಿ ಬಸ್ಸುಗಳ ಸಾಲು, ಎಣ್ಣೆಯ ವಾಸನೆ. ಮೇಷ್ಟ್ರು ದಪ್ಪ ಮೀಸೆಯ, ನೇರ ಮಾತಿನ ಮನುಷ್ಯ. ಮೇಡಂ ರುಜು ಹಾಕಿದ ಹೊಸ ವರದಿ ಓದಿ ಹುಬ್ಬು ಗಂಟಿಕ್ಕಿದರು. "ಹೋದ ಸಲ ನಾರ್ಮಲ್ ಅಂದ್ರಿ. ಈ ಸಲ ಕಬ್ಬಿಣ ಖಾಲಿ ಅಂತೀರಿ. ಅತ್ತೆ ಅದೇ ಲ್ಯಾಬಲ್ಲಿದೀರಿ ಬೇರೆ. ಯಾವ್ದನ್ನ ನಂಬ್ಲಿ ನಾನು?"

"ನಿಮ್ಮ ಬಸ್ಸಲ್ಲಿ ಡೀಸೆಲ್ ಮುಳ್ಳು ಇರುತ್ತಲ್ಲ" ಎಂದಳು ಸೀರಮ್ಮ. "ಟ್ಯಾಂಕು ಬರಿದಾಗಿದ್ದಾಗ ಯಾರೋ ಆ ಮುಳ್ಳನ್ನ 'ಪೂರ್ತಿ' ಅನ್ನೋ ಕಡೆ ತಿರುಗಿಸಿ ಕೂರಿಸಿಬಿಟ್ಟಿದ್ರೆ?"

"ಗಾಡಿ ದಾರೀಲಿ ನಿಲ್ಲುತ್ತೆ."

"ಆಗ ಡ್ರೈವರ್‌ಗೆ ಬೈತೀರಾ, ಮುಳ್ಳು ಸರಿ ಮಾಡಿಸ್ತೀರಾ? ನಮ್ಮ ಮುಳ್ಳು ಹಾಗಾಗಿತ್ತು. ಈಗ ಸರಿ ಮಾಡಿಸಿದೀವಿ. ತಪ್ಪು ಲ್ಯಾಬಿಂದು, ಈ ಹುಡುಗೀದಲ್ಲ. ನನ್ನ ಮಾತು ಬೇಡ ಅಂದ್ರೆ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಕೇಳಿ. ಅಲ್ಲಿ ನನ್ನ ಅತ್ತೆ ಮಾವ ಯಾರೂ ಇಲ್ಲ."

ಮೇಷ್ಟ್ರು ಮೀಸೆಯೊಳಗೇ ನಕ್ಕರು, ಆದರೂ ಫೋನು ಮಾಡಿಯೇ ಮಾಡಿದರು. ಮಾತು ಮುಗಿಸಿ ಸೊಸೆಯನ್ನು ನೋಡಿದರು. "ಜಾಗ ಇರುತ್ತೆ. ಆದ್ರೆ ಕರುಣೆಯಿಂದ ಪಾಸ್ ಮಾಡಲ್ಲ. ಬ್ರೇಕಿಗೆ ಕಾಲು ಹೋಗ್ಲೇಬೇಕು."

"ಹೋಗುತ್ತೆ ಸರ್" ಎಂದಳು ಸೊಸೆ. ಅವಳ ದನಿಯಲ್ಲಿದ್ದ ಹಟವನ್ನು ಸೀರಮ್ಮ ಅದೇ ಮೊದಲ ಸಲ ಕೇಳಿಸಿಕೊಂಡಳು.

ರಕ್ತ ತುಂಬುವುದು ಗುಳಿಗೆಯೊಂದರಿಂದ ಆಗುವ ಮಾತಲ್ಲ, ಅವಸರದ್ದೂ ಅಲ್ಲ. ಊಟದ ಮೇಜಿನ ಕ್ರಮ ಬದಲಾಯಿತು. ಎಲ್ಲರೂ ಒಟ್ಟಿಗೆ ಕೂರಬೇಕು, ಬಡಿಸುವುದು ಸರದಿಯ ಮೇಲೆ, ಕಾಳು ಸೊಪ್ಪು ಮಾಂಸ ಏನೇ ಇದ್ದರೂ ಹೆಂಗಸರ ತಟ್ಟೆಗೆ ಮೊದಲು. ಊಟದ ಬೆನ್ನಿಗೇ ಚಹಾ ಕುಡಿದರೆ ತಿಂದ ಕಬ್ಬಿಣ ಮೈಗೆ ಹತ್ತುವುದಿಲ್ಲವೆಂದು ಸೀರಮ್ಮ ತನ್ನ ಪ್ರೀತಿಯ ಲೋಟವನ್ನು ಸಂಜೆಗೆ ತಳ್ಳಿದಳು. ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ನೀರು ಹೊರುವುದು ಗಂಡನಿಗೆ ಬಂತು. ಮೊದಲ ದಿನ ಆತ ಮೂರನೇ ಮಹಡಿ ಹತ್ತಿ, ಬಿಂದಿಗೆ ಇಳಿಸಿ, ಎದೆ ನೀವಿಕೊಂಡು, "ಸುಸ್ತಾಯ್ತು ಕಣೇ. ಇನ್ನೊಂದ್ಸಲ ನನ್ನ ರಕ್ತ ನೋಡ್ತೀಯಾ?" ಎಂದು ಕೇಳಿದ.

"ನೋಡಾಗಿದೆ. ನಾರ್ಮಲ್" ಎಂದಳು ಸೀರಮ್ಮ. "ಇನ್ನೊಂದು ಬಿಂದಿಗೆ ಇದೆ ಕೆಳಗೆ."

ಪ್ರಯೋಗಾಲಯದಲ್ಲಿ ಹೊಸ ಬಾಟಲಿ ತಯಾರಾಗುವ ದಿನ ಅವಳು ಅಭ್ಯಾಸಬಲದಿಂದ ತೋಳು ಮೇಲೆತ್ತಿ ಕೂತಳು. ಮೇಡಂ ತಲೆಯಾಡಿಸಿದರು. "ಈಗಲೇ ಬೇಡ. ನೀವೂ ನಾನೂ ತುಂಬಿಕೊಂಡ ಮೇಲೆ." ಊರಿಗೆಲ್ಲ ನಾರ್ಮಲ್ ಆಗಿದ್ದವಳು ಆ ಮಾತಿಗೆ ನೊಂದುಕೊಳ್ಳಲಿಲ್ಲ. ತೋಳು ಇಳಿಸಿ, ಗೇಟಿನವನನ್ನು ಕರೆಯಲು ಹೋದಳು. ಆದರೆ ಬಾಟಲಿ ಮತ್ತೆ ಗಂಡಸರಿಂದಲೇ ತುಂಬುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಆ ಕೋಣೆಯ ಹೆಂಗಸರೆಲ್ಲ ಆಗಾಗ ತಮ್ಮ ತಮ್ಮ ಪಟ್ಟಿ ಓಡಿಸಿ ನೋಡುತ್ತಿದ್ದರು. ನಾಲ್ಕನೇ ಗೆರೆ ನಿಧಾನವಾಗಿ, ತೊಳೆತೊಳೆದ ಬಟ್ಟೆಯ ಕಲೆಯಂತೆ, ತೆಳುವಾಗುತ್ತಾ ಹೋಯಿತು. ನೆಲ ಒರೆಸುವ ಅಕ್ಕನದು ಎಲ್ಲರಿಗಿಂತ ಮುಂಚೆ ಸರಿಹೋಗಿ, ಬಾಟಲಿಗೆ ಸೇರಿದ ಮೊದಲ ಹೆಂಗಸಿನ ರಕ್ತ ಅವಳದಾಯಿತು. "ಈಗ ನಾನು ಹೇಳಿದ್ದು ನಾರ್ಮಲ್" ಎಂದು ಅವಳು ಎಲ್ಲರ ಮೇಲೂ ಅಧಿಕಾರ ಚಲಾಯಿಸಿದಳು.

ಸೊಸೆ ಪರೀಕ್ಷೆಗೆ ಹೋದದ್ದು ಚಳಿ ಇಳಿಯುವ ಹೊತ್ತಿಗೆ. ಮೇಷ್ಟ್ರು ಹೇಳಿದ ಹಾಗೆ ಕರುಣೆ ತೋರಲಿಲ್ಲ. ಎದುರಿಗೆ ದಿಢೀರನೆ ಖಾಲಿ ಡ್ರಮ್ಮು ಉರುಳಿಸಿದರಂತೆ. ಡ್ರಮ್ಮಿಗೆ ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ಸೀರಮ್ಮ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಎತ್ತರದ ಸೀಟಿನಲ್ಲಿ, ಹೆಗಲ ಮೇಲೆ ಹೊಸ ಪಟ್ಟಿ ಹೊಲಿದ ಅಂಗಿ ತೊಟ್ಟು ಸೊಸೆ ಕೂತಿದ್ದಳು. ಆ ಪಟ್ಟಿಯನ್ನು ಹೊಲಿದವನು ಟೈಲರ್ ಮಾವ, ಹೊಲಿಗೆ ಚೂರೂ ಡೊಂಕಿರಲಿಲ್ಲ. ಸೀರಮ್ಮ ಹತ್ತಿದಳು. ಜನ ತುಂಬಿದ್ದರು, ಮುಂದಿನ ಒಂದು ಸೀಟು ಮಾತ್ರ ಖಾಲಿ. ಅವಳು ಎಂದಿನಂತೆ ಕಂಬಿ ಹಿಡಿದು ನಿಂತಳು.

"ಅತ್ತೆ, ಕೂತ್ಕೊಳ್ಳಿ."

"ಪರವಾಗಿಲ್ಲ ಹೋಗಮ್ಮಾ. ನಾಲ್ಕು ಸ್ಟಾಪು ತಾನೆ. ಕೂತ್ರೆ..."

ಸೊಸೆ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಸ್ಟಿಯರಿಂಗಿನ ಮೇಲೆ ಕೈ ಕಟ್ಟಿದಳು. ಬಸ್ಸು ಕದಲಲಿಲ್ಲ. ಹಿಂದಿನಿಂದ ಯಾರೋ, "ಏನಮ್ಮಾ ಡ್ರೈವರಮ್ಮಾ, ಹೊತ್ತಾಯ್ತು!" ಎಂದು ಕೂಗಿದರು.

"ನಮ್ಮತ್ತೆ ಕೂತ ಮೇಲೆ" ಎಂದಳು ಸೊಸೆ, ತಿರುಗಿ ನೋಡದೆ.

ಸೀರಮ್ಮ ಕಂಬಿ ಬಿಟ್ಟಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನನ್ನು ಪೂರ್ತಿ ಹಿಂದಕ್ಕೆ ಆನಿಸಿ ಕೂತಳು. ಬಸ್ಸು ಹೊರಟಿತು.